ಐದು ಹೆಕ್ಟೇರ್ ಮೈದಾನ

ಶಾಲೆಯ ಹಿಂದಿನ ಗೇಟಿಗೆ ಆತುಕೊಂಡಂತಿದ್ದ ಆ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ನಾಲ್ಕು ಜನ. ಜೊತೆಗೆ ತಾತನ ಜಂಬ ಬೇರೆ. ಅದೊಂದಕ್ಕೆ ಮಾತ್ರ ಆ ಮನೆಯಲ್ಲಿ ಜಾಗ ಸಾಲುತ್ತಿರಲಿಲ್ಲ.

ಮೈದಾನ ನೋಡಿಕೊಳ್ಳುವವನಿಗೆಂದು ಶಾಲೆ ಕೊಟ್ಟ ಮನೆ ಅದು. ಕೆಲಸ ಇರುವ ತನಕ ಮನೆ, ಕೆಲಸ ಹೋದರೆ ಮನೆಯೂ ಹೋಯಿತು. ಮೊದಲು ಆ ಕೆಲಸ ತಾತನದಾಗಿತ್ತು. ಸೊಂಟ ಕೈಕೊಟ್ಟ ಮೇಲೆ ಮಗನದಾಯಿತು. ಮಗ ಹುಲ್ಲು ಕತ್ತರಿಸುವ ಯಂತ್ರ ತಳ್ಳುತ್ತಿದ್ದರೆ ತಾತ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದ: "ಐದು ಹೆಕ್ಟೇರ್ ಸ್ವಾಮಿ. ಇಷ್ಟು ವರ್ಷ ಒಬ್ಬನೇ ಕಾದೆ." ಶಾಲೆಯ ಮಕ್ಕಳು ಅವನಿಗೆ ಹೆಕ್ಟೇರ್ ತಾತ ಅಂತಲೇ ಹೆಸರಿಟ್ಟಿದ್ದವು. ಅದನ್ನೂ ಅವನು ಬಿರುದು ಎಂದೇ ತಿಳಿದಿದ್ದ.

ಈ ಐದು ಎಲ್ಲಿಂದ ಬಂತು ಅಂದರೆ, ಹಿಂದೊಮ್ಮೆ ಶಾಲೆಯ ಸಮಾರಂಭಕ್ಕೆ ಬಂದ ಯಾರೋ ದೊಡ್ಡ ಮನುಷ್ಯರು "ಐದು ಹೆಕ್ಟೇರ್ ವಿಸ್ತಾರದ ನಿಮ್ಮ ಶಾಲೆ" ಎಂದು ಭಾಷಣ ಹೊಡೆದಿದ್ದರು. ಅವರು ಹೇಳಿದ್ದು ಇಡೀ ಕಾಂಪೌಂಡಿನ ಮಾತು: ಕಟ್ಟಡ, ಹಾಸ್ಟೆಲ್ಲು, ನೀರಿನ ಟ್ಯಾಂಕು, ಹಿಂದಿನ ಮರಗಳ ಸಾಲು ಎಲ್ಲ ಸೇರಿ. ವೇದಿಕೆಯ ಹಿಂದೆ ಕುರ್ಚಿ ಹೊತ್ತು ನಿಂತಿದ್ದ ತಾತ ಅದನ್ನು ತನ್ನ ಮೈದಾನಕ್ಕೆ ಬಂದ ಹೊಗಳಿಕೆ ಎಂದು ಜೇಬಿಗಿಳಿಸಿದ. ಮೈದಾನ ಉದ್ದ ನೂರು ಮೀಟರ್, ಅಗಲ ಐವತ್ತು. ಟೇಪು ಹಿಡಿದು ಸುಣ್ಣದ ಗೆರೆ ಎಳೆದವನೇ ಅವನು, ಅದರಲ್ಲಿ ತಪ್ಪಿಲ್ಲ. ಒಟ್ಟು ಐದು ಸಾವಿರ ಚದರ ಮೀಟರ್. ಐದು ಸಾವಿರ ಚದರ ಮೀಟರಿಗೆ ಐದು ಹೆಕ್ಟೇರ್ ಅಂದಮೇಲೆ ಹೆಕ್ಟೇರಿಗೆ ಸಾವಿರ, ಇದರಲ್ಲಿ ಕೇಳುವುದೇನಿದೆ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮಗನೂ ಹುಟ್ಟಿದಾಗಿನಿಂದ ಅದೇ ಮೂರು ಕಾಲನ್ನು ಎಣಿಸಿಕೊಂಡು ಬೆಳೆದ.

ಆ ಮನೆಯ ಸೊಸೆಗೆ ಹೆಕ್ಟೇರು ಕಟ್ಟಿಕೊಂಡು ಆಗಬೇಕಾದ್ದು ಏನೂ ಇರಲಿಲ್ಲ. ಅವಳು ಬೆಳಗಾಗುತ್ತಲೇ ಎದ್ದು, ಅನ್ನ ಬೇಳೆ ಮಾಡಿಟ್ಟು, ಆಸ್ಪತ್ರೆಯ ಲಾಂಡ್ರಿಗೆ ಹೋಗುತ್ತಿದ್ದಳು. ಅಲ್ಲಿ ರೋಗಿಗಳ ಚಾದರಗಳನ್ನು ಬಿಸಿ ರೋಲರಿನಡಿ ತೂರಿಸಿ ಮಡಚುವ ಕೆಲಸ. ಆವಿ ಬಡಿದು ಬಡಿದು ಅವಳ ಮುಂಗೈ ಚರ್ಮ ಸುಲಿದ ಈರುಳ್ಳಿಯ ಹಾಗಾಗಿತ್ತು. ಅವಳಿಗಿದ್ದದ್ದು ಒಂದೇ ಆಸೆ, ಮಗಳು ಆ ಲಾಂಡ್ರಿಯ ಬಾಗಿಲು ತುಳಿಯಬಾರದು. ಮಗಳು ಅದೇ ಶಾಲೆಯಲ್ಲಿ, ನೌಕರರ ಮಕ್ಕಳಿಗೆ ಕೊಡುವ ಉಚಿತ ಸೀಟಿನಲ್ಲಿ ಓದುತ್ತಿದ್ದಳು. ಹುಟ್ಟಿದಾಗ ಚೋಟುದ್ದ ಇದ್ದಳೆಂದು ತಾತ ಚೋಟು ಎಂದು ಕರೆದದ್ದು. ಈಗ ಹದಿನೈದು ತುಂಬಿ ಅಪ್ಪನ ಕಿವಿಯವರೆಗೆ ಬೆಳೆದಿದ್ದರೂ ಚೋಟುವೇ. ಲೆಕ್ಕದ ಮೇಷ್ಟ್ರು ಒಮ್ಮೆ ಗೇಟಿನ ಹತ್ತಿರ ಸೊಸೆಯನ್ನು ನಿಲ್ಲಿಸಿ, "ನೋಡಮ್ಮ, ಈ ಹುಡುಗೀನ ಮಧ್ಯದಲ್ಲಿ ಬಿಡಿಸಬೇಡ. ಇವಳು ಲೆಕ್ಕದಲ್ಲೇ ಅನ್ನ ಹುಟ್ಟಿಸ್ತಾಳೆ" ಎಂದಿದ್ದರು. ಆವತ್ತು ಸೊಸೆ ಕೆಲಸಕ್ಕೆ ಹೋಗುವ ದಾರಿಯುದ್ದಕ್ಕೂ ಅದೇ ಮಾತನ್ನು ಚಪ್ಪರಿಸುತ್ತ ನಡೆದಿದ್ದಳು.

ಆ ವರ್ಷ ಮೈದಾನದಲ್ಲಿ ಕಳೆ ವಿಪರೀತ. ಹಿಂದೆಲ್ಲ ಕಳೆಗೆ ಪುಡಿ ಬರುತ್ತಿತ್ತು, ನೂರು ಚದರ ಮೀಟರಿಗೆ ಇಷ್ಟು ಚಮಚ ಅಂತ. ಈ ಸಲ ಶಾಲೆಯವರು ಹೊಸ ಔಷಧಿಯ ದೊಡ್ಡ ಡ್ರಮ್ಮು ತರಿಸಿದ್ದರು. ಅದರ ಮೇಲೆ ಬರೆದದ್ದು ಹೆಕ್ಟೇರಿನ ಲೆಕ್ಕದಲ್ಲಿ.

"ಹೆಕ್ಟೇರಿಗೆ ಎರಡು ಲೀಟರಂತೆ ಅಪ್ಪ," ಎಂದ ಸೊಸೆಯ ಗಂಡ ರಾತ್ರಿ ಊಟಕ್ಕೆ ಕೂತಾಗ. "ನಮ್ದು ಐದು. ಹತ್ತು ಲೀಟರ್ ಹೊಡೀಬೇಕು. ಅರ್ಧ ಡ್ರಮ್ ಖಾಲಿ."

"ಖಾಲಿ ಆಗ್ದೆ ಇನ್ನೇನು," ಎಂದ ತಾತ ಅನ್ನಕ್ಕೆ ಬೇಳೆ ಕಲಸುತ್ತ. "ಅಷ್ಟು ದೊಡ್ಡ ಮೈದಾನ ಅಂದ್ರೆ ಸುಮ್ನೇನಾ?"

ಚೋಟು ಮೊಟ್ಟೆ ಬಿಡಿಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ಐದಲ್ಲಪ್ಪ, ಅರ್ಧ."

"ಏನು ಅರ್ಧ?"

"ನಮ್ ಮೈದಾನ. ಒಂದು ಹೆಕ್ಟೇರ್ ಅಂದ್ರೆ ಆ ಕಡೆ ನೂರು ಮೀಟರ್, ಈ ಕಡೆ ನೂರು ಮೀಟರ್. ಗುಣಿಸಿದ್ರೆ ಹತ್ತು ಸಾವಿರ ಚದರ ಮೀಟರ್. ನಮ್ದು ಉದ್ದ ನೂರಿದೆ, ಅಗಲ ಐವತ್ತೇ. ಒಂದು ಲೀಟರ್ ಸಾಕು."

ತಾತನ ಕೈ ತಟ್ಟೆಯಲ್ಲೇ ನಿಂತಿತು. "ಅಂದ್ರೆ ಇಷ್ಟು ವರ್ಷ ನಾನು ಸುಳ್ಳು ಹೇಳ್ಕೊಂಡು ಬಂದೆ."

"ಸುಳ್ಳಲ್ಲ ತಾತ. ಲೆಕ್ಕ ತಪ್ಪು ಅಷ್ಟೆ."

"ಕಿಲೋಗೆ ಸಾವಿರ ಗ್ರಾಮು. ಕಿಲೋಮೀಟರಿಗೆ ಸಾವಿರ ಮೀಟರು. ಹೆಕ್ಟೇರಿಗೆ ಮಾತ್ರ ಹತ್ತು ಸಾವಿರಾನಾ? ಯಾರ ಮನೆ ಕಾನೂನು ಇದು?"

"ಅದು ತೂಕದ್ದು, ಉದ್ದದ್ದು. ಇದು ಜಾಗದ್ದು. ಉದ್ದಾನೂ ಅಗಲಾನೂ ಗುಣಿಸ್ಬೇಕು ತಾತ."

ತಾತ ತಟ್ಟೆ ಪಕ್ಕಕ್ಕೆ ಸರಿಸಿದ. "ನಂಗೆ ಸಾಕು. ಊಟ ಮಾಡೋ ಯೋಗ್ಯತೆ ಇಲ್ಲ ನಂಗೆ."

ಅಪ್ಪ ತಟ್ಟೆ ಸರಿಸಿದರೆ ಮಗನಿಗೆ ಚಿಕ್ಕಂದಿನಿಂದಲೂ ಹೆದರಿಕೆ. ತಲೆಗೂದಲು ನೆರೆತಿದ್ದರೂ ಆ ಹೆದರಿಕೆ ಹೋಗಿರಲಿಲ್ಲ. ಅದು ಅಪ್ಪನ ಕಡೆ ಹೋಗಲಾರದೆ ಮಗಳ ಕಡೆ ತಿರುಗಿತು. "ತಾತನಿಗೆ ಪಾಠ ಹೇಳೋಷ್ಟು ದೊಡ್ಡೋಳಾದ್ಯಾ? ತಪ್ಪಾಯ್ತು ಅನ್ನು."

"ತಪ್ಪೇ ಇಲ್ವಲ್ಲಪ್ಪ."

"ಅನ್ನು ಅಂದೆ."

ಚೋಟು ಅಮ್ಮನ ಮುಖ ನೋಡಿದಳು. ಅಮ್ಮನಿಗೆ ಬೆಳಗಿನ ಪಾಳಿ ಇತ್ತು, ಪಾತ್ರೆ ತೊಳೆಯುವುದು ಬಾಕಿ ಇತ್ತು, ಬೆನ್ನು ಮುರಿದುಬೀಳುವಂತಿತ್ತು. ಮಗಳ ಲೆಕ್ಕ ತಪ್ಪುವುದಿಲ್ಲ ಎನ್ನುವುದೂ ಅವಳಿಗೆ ಗೊತ್ತಿತ್ತು. ಆದರೂ ಅಂದಳು: "ಹೇಳ್ಬಿಡೇ. ನಿನ್ ಗಂಟೇನು ಹೋಗತ್ತೆ? ಊಟ ಆರ್ತಾ ಇದೆ."

"ತಪ್ಪಾಯ್ತು ತಾತ," ಎಂದಳು ಚೋಟು. "ಐದು."

"ಹಾಂ. ಐದೆರಡ್ಲೆ?" ಎಂದು ಕೇಳಿದ ಚೋಟುವಿನ ಅಪ್ಪ.

"ಹತ್ತು."

"ಗೊತ್ತಿದ್ಯಲ್ಲ ಮತ್ತೆ." ತಾತ ತಟ್ಟೆ ಹತ್ತಿರ ಎಳೆದುಕೊಂಡ. ಎಲ್ಲರೂ ಉಂಡರು.

ರಜೆಯ ದಿನ ಗಂಡ ಬೆನ್ನಿಗೆ ಪಂಪು ಕಟ್ಟಿಕೊಂಡು ಮೈದಾನದ ಈ ತುದಿಯಿಂದ ಆ ತುದಿಗೆ ಔಷಧಿ ಹೊಡೆದ. ತಾತ ಕಟ್ಟೆಯ ಮೇಲೆ ಕೂತು "ಆ ಮೂಲೆ ಬಿಟ್ಟೆ, ಈ ಮೂಲೆ ಬಿಟ್ಟೆ" ಎಂದು ಕೂಗುತ್ತಿದ್ದ. ಮೊದಲ ವಾರ ಕಳೆಯೆಲ್ಲ ಸುರುಟಿ ನೆಲಕ್ಕೊರಗಿತು. ತಾತ ಒಂದು ಒಣ ಕಳೆ ಕಿತ್ತು ತಂದು ಚೋಟುವಿನ ಪುಸ್ತಕದ ಮೇಲಿಟ್ಟು, "ನಿನ್ ಒಂದು ಲೀಟರಿಗೆ ಇದು ಸಾಯ್ತಿತ್ತಾ?" ಎಂದು ನಕ್ಕ. ಚೋಟುವೂ ನಕ್ಕು ಕಳೆಯನ್ನು ಕಿಟಕಿಯಾಚೆ ಎಸೆದಳು.

ಎರಡನೆಯ ವಾರ ಹುಲ್ಲಿನ ತುದಿ ಹಳದಿಯಾಯಿತು. "ನೀರು ಸಾಲ್ತಿಲ್ಲ" ಎಂದ ತಾತ. ಗಂಡ ಬೆಳಿಗ್ಗೆ ಸಂಜೆ ಪೈಪು ಎಳೆದಾಡಿ ನೀರು ಬಿಟ್ಟ. ನೀರು ಕುಡಿದಷ್ಟೂ ಔಷಧಿ ಬೇರಿಗಿಳಿಯಿತು. ಮೂರನೆಯ ವಾರದ ಹೊತ್ತಿಗೆ ಇಡೀ ಮೈದಾನ ಹಳೇ ಗೋಣಿಚೀಲದ ಬಣ್ಣಕ್ಕೆ ತಿರುಗಿತ್ತು. ಮಕ್ಕಳು ಓಡಿದರೆ ಹುಲ್ಲು ಕಾಲಿಗೆ ಕಿತ್ತು ಬರುತ್ತಿತ್ತು. ಆಮೇಲೆ ಮಳೆ ಬಂದು ಉಳಿದದ್ದನ್ನೂ ತೊಳೆದುಕೊಂಡು ಹೋಗಿ ಬರೀ ಕೆಸರು ನಿಂತಿತು. ಬೇರೆ ಶಾಲೆಗಳವರು ಆಡಲು ಬರಬೇಕಿದ್ದ ಪಂದ್ಯಗಳನ್ನು ರದ್ದು ಮಾಡಿದರು. ಮೈದಾನದ ಗೇಟಿಗೆ ಬೀಗ ಬಿತ್ತು.

ತಾತ ಕಟ್ಟೆಗೆ ಹೋಗುವುದನ್ನು ನಿಲ್ಲಿಸಿದ. ಒಂದು ಸಂಜೆ ಸೊಸೆ ಸೊಪ್ಪು ಬಿಡಿಸುತ್ತಿದ್ದಾಗ ಅವನು ಮೆಲ್ಲಗೆ ಚೋಟುವನ್ನು ಕರೆದು ಕೇಳಿದ್ದು ಕಿವಿಗೆ ಬಿತ್ತು. "ಆ ಕಡೆ ನೂರು, ಈ ಕಡೆ ನೂರು ಅಂದ್ಯಲ್ಲ, ಅದು ಖಾತ್ರೀನಾ?"

"ಹೂಂ ತಾತ."

"ಎಲ್ಲಾ ದೇಶದಲ್ಲೂ ಅಷ್ಟೇನಾ?"

"ಎಲ್ಲಾ ಕಡೇನೂ ಅಷ್ಟೇ."

ತಾತ ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಮಲಗಿದ. ಅವತ್ತಿನಿಂದ ಊಟಕ್ಕೆ ಎರಡು ಸಲ ಕರೆಯಬೇಕಾಗುತ್ತಿತ್ತು.

ಹೆಡ್ ಮೇಡಂ ಗಂಡನನ್ನು ಆಫೀಸಿಗೆ ಕರೆಸಿದ ದಿನ ಸೊಸೆ ಲಾಂಡ್ರಿಯಿಂದ ಬೇಗ ಬಂದಿದ್ದಳು. ಗಂಡ ಬಂದವನೇ ಚಪ್ಪಲಿ ಬಿಡದೆ ಒಳಗೆ ಬಂದು ನೀರು ಕುಡಿದ.

"ಏನಂದ್ರು?"

"ಎಷ್ಟು ಹೊಡೆದೆ ಅಂದ್ರು. ಹತ್ತು ಅಂದೆ. ಯಾರು ಲೆಕ್ಕ ಹಾಕಿದ್ದು ಅಂದ್ರು."

"ನೀವೇನಂದ್ರಿ?"

ಅವನು ಲೋಟದ ತಳ ನೋಡುತ್ತ ಹೇಳಿದ: "ಮಗಳು ಅಂದೆ."

ಸೊಸೆಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. "ಯಾವ ಮಗಳು?"

"ನಂಗೆಷ್ಟು ಜನ ಮಕ್ಕಳಿದಾರೆ? ಚೋಟು ಅಂದೆ. ನಿಮ್ ಶಾಲೇಲೇ ಓದ್ತಾಳೆ, ಅವಳನ್ನೇ ಕೇಳಿ ಹೊಡೆದೆ ಅಂದೆ."

"ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸ್ತಂತೆ. ಒಂದು ಲೀಟರ್ ಸಾಕು ಅಂತ ಬಡ್ಕೊಂಡ್ಲಲ್ರೀ ಆ ಮಗು, ಅದೇ ತಟ್ಟೆ ಮುಂದೆ ಕೂತು."

"ಐದೆರಡ್ಲೆ ಹತ್ತು ಅಂದೋಳು ಯಾರು? ನಾನು ಸುಳ್ಳು ಹೇಳಿಲ್ಲ."

"ಅಯ್ಯೋ ನಿಮ್ ಸತ್ಯಕ್ಕಿಷ್ಟು ಬೆಂಕಿ ಹಾಕ."

"ಕೂಗ್ಬೇಡ. ಕೇಳು ಇಲ್ಲಿ." ಅವನು ನೆಲದ ಮೇಲೆ ಕುಸಿದು ಕೂತ. ದನಿ ಸಣ್ಣದಾಗಿತ್ತು. "ಮಗು ಲೆಕ್ಕ ತಪ್ಪಿದ್ರೆ ಅದು ಮಗು ತಪ್ಪು. ಬುದ್ಧಿ ಹೇಳಿ ಬಿಡ್ತಾರೆ. ನಾನು ತಪ್ಪಿದ್ರೆ ಈ ತಿಂಗಳೇ ಕೆಲಸ ಇಲ್ಲ, ಮನೆ ಇಲ್ಲ. ಅಪ್ಪನ್ನ ಈ ಸೊಂಟ ಇಟ್ಕೊಂಡು ಎಲ್ಲಿಗೆ ಹೊತ್ಕೊಂಡು ಹೋಗ್ಲಿ? ನಿನ್ ಲಾಂಡ್ರಿ ಸಂಬಳಕ್ಕೆ ಯಾರು ಕೊಡ್ತಾರೆ ಮನೆ?"

ಒಳಗಿನ ಕೋಣೆಯಿಂದ ತಾತನ ದನಿ ಬಂತು. "ನಾನೇ ಹೋಗಿ ಹೇಳ್ತೀನಿ ಬಿಡು. ನನ್ ಮಾತು ಕೇಳಿ ಹೊಡ್ದ ಅಂತೀನಿ."

"ಹೇಳು ಹೋಗು," ಎಂದ ಮಗ. ಹುಟ್ಟಿ ಮೊದಲ ಸಲ ಅಪ್ಪನಿಗೆ ಎದುರು ಮಾತಾಡುತ್ತಿದ್ದ. "ಕೆಲಸ ಬಿಟ್ಟ ಮುದುಕನ ಮಾತು ಕೇಳಿ ವಿಷ ಹೊಡ್ದ ಅಂದ್ರೆ ಇವತ್ತೇ ಓಡಿಸ್ತಾರೆ. ನೀನು ಹೇಳಿದ್ದು ಇಷ್ಟು ದಿನ ಸಾಕಾಯ್ತು."

ಚೋಟು ಬಾಗಿಲಲ್ಲಿ ನಿಂತಿದ್ದಳು, ಹೆಗಲ ಮೇಲೆ ಶಾಲೆ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಎರಡು ದಿನ ಬಿಟ್ಟು ಆಡಳಿತ ಮಂಡಳಿ ಸೇರುತ್ತದೆ, ಹುಡುಗಿಯನ್ನು ಕರೆದುಕೊಂಡು ಬರಬೇಕು ಎಂದು ಹೇಳಿಕಳಿಸಿದರು. ಆ ಎರಡು ದಿನ ಸೊಸೆ ಒಂದೇ ಲೆಕ್ಕ ಹಾಕುತ್ತಿದ್ದಳು. ಒಂದು ಕಡೆ ಸೂರು, ಇನ್ನೊಂದು ಕಡೆ ಮಗಳು. ಸೂರು ಹೋದರೆ ಮಗಳ ಓದೂ ಹೋಗುತ್ತದೆ. ಮಗಳು ಒಂದು ಸಲ ದಡ್ಡಿ ಅನ್ನಿಸಿಕೊಂಡರೆ ಎರಡೂ ಉಳಿಯುತ್ತವೆ. ಲಾಂಡ್ರಿಯ ರೋಲರಿನ ಮುಂದೆ ನಿಂತು ಅವಳು ಇದನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಪಕ್ಕದವಳು "ಏನಕ್ಕಾ, ಒಂದೇ ಚಾದರ ಮೂರು ಸಲ ಮಡಚ್ತಿದೀಯ" ಎಂದಳು. ಬೇರೆ ದಾರಿ ಕಾಣಲಿಲ್ಲ. ಕಾಣಲಿಲ್ಲ ಎಂದು ಅವಳು ಆಮೇಲೂ ಹೇಳಿಕೊಳ್ಳುತ್ತಿದ್ದಳು.

ಹೋಗುವ ದಿನ ಬೆಳಿಗ್ಗೆ ಮಗಳ ತಲೆ ಬಾಚುತ್ತ ಹೇಳಿದಳು: "ಹೆಕ್ಟೇರ್ ಅಂದ್ರೆ ಎಷ್ಟು ಅಂತ ಕೇಳ್ತಾರೆ."

"ಹೂಂ."

"ಸಾವಿರ ಅನ್ನು."

ಚೋಟುವಿನ ಕತ್ತು ಗಟ್ಟಿಯಾಯಿತು. "ಮೇಷ್ಟ್ರು ಇರ್ತಾರಮ್ಮ ಅಲ್ಲಿ."

"ಇರ್ಲಿ."

"ಮೊನ್ನೆ ಕ್ಲಾಸಲ್ಲಿ ಅದನ್ನ ಬೋರ್ಡಿಗೆ ಹೋಗಿ ಎಲ್ಲರಿಗೂ ಹೇಳ್ಕೊಟ್ಟಿದ್ದು ನಾನೇ."

ಅಮ್ಮನ ಕೈಯಲ್ಲಿ ಬಾಚಣಿಗೆ ನಿಂತಿತು. ಕೊನೆಗೆ, "ತಾತನ ಮುಖ ನೋಡಿ ಹೇಳು" ಎಂದಳು. ಆಮೇಲೆ, "ಅಪ್ಪನ ಮುಖ ನೋಡಿ" ಎಂದಳು. ಚೋಟು ಮುಂದೆ ನೋಡುತ್ತಲೇ ಇದ್ದಳು. ಅಮ್ಮ ಜಡೆ ಹೆಣೆದು ಮುಗಿಸಿ, ತುದಿಗೆ ರಬ್ಬರ್ ಬ್ಯಾಂಡ್ ಹಾಕಿ, "ನನ್ ಮುಖ ನೋಡಿ ಹೇಳೇ" ಎಂದಳು.

"ಸರಿಯಮ್ಮ," ಎಂದಳು ಹುಡುಗಿ.

ಆಫೀಸಿನಲ್ಲಿ ಉದ್ದನೆಯ ಮೇಜು. ಒಂದು ಬದಿಗೆ ಮಂಡಳಿಯವರು, ಮಧ್ಯದಲ್ಲಿ ಹೆಡ್ ಮೇಡಂ, ಕೊನೆಯಲ್ಲಿ ಲೆಕ್ಕದ ಮೇಷ್ಟ್ರು. ಗಂಡ ಕೈಕಟ್ಟಿ ಗೋಡೆಗೆ ನಿಂತಿದ್ದ. ಸೊಸೆಗೆ ಒಳಗೆ ಕರೆ ಇರಲಿಲ್ಲ, ಬಾಗಿಲ ಹತ್ತಿರ ನಿಂತಳು. ಅಲ್ಲಿಂದ ಮಗಳ ಬೆನ್ನು, ಜಡೆ ಮಾತ್ರ ಕಾಣುತ್ತಿತ್ತು.

"ಹೆದರ್ಬೇಡ ಮರಿ," ಎಂದರು ಮೇಡಂ. "ನಿಮ್ಮಪ್ಪನಿಗೆ ಹತ್ತು ಲೀಟರ್ ಅಂತ ಹೇಳಿದ್ದು ನೀನೇನಾ?"

"ಹೌದು ಮೇಡಂ."

"ಹೇಗೆ ಬಂತು ಹತ್ತು?"

"ಐದು ಹೆಕ್ಟೇರಿಗೆ ಎರಡೆರಡು."

"ಐದು ಹೇಗೆ?"

"ಐದು ಸಾವಿರ ಚದರ ಮೀಟರ್ ಇದೆ ಮೇಡಂ."

ಮೇಡಂ ಕನ್ನಡಕ ತೆಗೆದರು. "ಒಂದು ಹೆಕ್ಟೇರಿಗೆ ಎಷ್ಟು ಚದರ ಮೀಟರ್?"

ಚೋಟು ತಡೆದಳು. ಬೆರಳಿನ ಮೇಲೆ ಏನೋ ಎಣಿಸಿದಳು. ಮೇಷ್ಟ್ರು ಮುಂದಕ್ಕೆ ಬಾಗಿ ಅವಳನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ನಿಂತ ಅಮ್ಮನೊಳಗೆ, ಹತ್ತು ಸಾವಿರ ಅಂದುಬಿಡಲಿ ದೇವರೇ ಎಂದು ಒಂದು ಮನಸ್ಸು ಕೂಗಿತು, ಅನ್ನದಿರಲಿ ಎಂದು ಇನ್ನೊಂದು.

"ಸಾವಿರ ಮೇಡಂ."

ಮಂಡಳಿಯವರಲ್ಲೊಬ್ಬರು "ಥೂ ಥೂ, ಏನು ಕಲಿಸ್ತೀರ್ರೀ ಇಲ್ಲಿ" ಎಂದು ನಕ್ಕರು. ಮೇಷ್ಟ್ರು ಹಿಂದಕ್ಕೊರಗಿದರು. ಏನೋ ಹೇಳಲು ಬಾಯಿ ತೆರೆದವರು ಮೇಡಂ ಕಡೆ ನೋಡಿ ಬಾಯಿ ಮುಚ್ಚಿ, ಪೆನ್ನಿನ ಮುಚ್ಚಳ ಹಾಕುವುದು ತೆಗೆಯುವುದು ಮಾಡತೊಡಗಿದರು.

ತೀರ್ಮಾನ ಆ ವಾರವೇ ಬಂತು. ಮಗುವಿನ ತಪ್ಪಾದ್ದರಿಂದ ಗಂಡನಿಗೆ ಎಚ್ಚರಿಕೆ ಕೊಟ್ಟು ಕೆಲಸದಲ್ಲಿ ಉಳಿಸಿಕೊಳ್ಳುವುದು, ಹುಲ್ಲು ಮತ್ತೆ ಬೆಳೆಸುವುದು ಅವನ ಹೊಣೆ. ಇಲ್ಲಿಗೆ ಗಂಡ ಉಸಿರು ಬಿಟ್ಟಿದ್ದ. ಆದರೆ ಮಾತು ಇನ್ನೂ ಮುಗಿದಿರಲಿಲ್ಲ. ಉಚಿತ ಸೀಟು ಓದಿನಲ್ಲಿ ಮುಂದಿರುವ ಮಕ್ಕಳಿಗೆ ಮೀಸಲು. ಐದನೆಯ ಕ್ಲಾಸಿನ ಲೆಕ್ಕ ಬಾರದವಳಿಗೆ, ಅದೂ ಶಾಲೆಗೆ ಇಷ್ಟು ನಷ್ಟ ಮಾಡಿದವಳಿಗೆ, ಅದನ್ನು ಮುಂದುವರಿಸಲಾಗದು. ಫೀಸು ಕಟ್ಟಿ ಓದುವುದಾದರೆ ಓದಬಹುದು.

"ಬುದ್ಧಿ ಹೇಳಿ ಬಿಡ್ತಾರೆ ಅಂದ್ರಲ್ಲ," ಎಂದಳು ಸೊಸೆ.

"ನಂಗೇನು ಗೊತ್ತು ಹೀಗ್ಮಾಡ್ತಾರೆ ಅಂತ," ಎಂದ ಗಂಡ. ಅವನ ಕಣ್ಣಲ್ಲಿ ನೀರಿತ್ತು. "ಒಂದು ವರ್ಷ. ಹುಲ್ಲು ಬರ್ಲಿ. ಆಮೇಲೆ ನಾನೇ ಹೋಗಿ ಕಾಲಿಗೆ ಬೀಳ್ತೀನಿ."

ಅವತ್ತು ಬೇಳೆ ತಳ ಹತ್ತಿತ್ತು. ಎಲ್ಲರೂ ಅದನ್ನೇ ಉಂಡರು. ಚೋಟು ತಾತನಿಗೆ ನೀರು ಬಗ್ಗಿಸಿಕೊಟ್ಟಳು. ತಾತ ಲೋಟ ತೆಗೆದುಕೊಳ್ಳುವ ಬದಲು ಅವಳ ಕೈಯನ್ನೇ ಹಿಡಿದುಕೊಂಡು ಕೂತ. "ಬಿಡು ತಾತ, ನೀರು ಚೆಲ್ಲತ್ತೆ" ಎಂದಳು ಅವಳು.

ಫೀಸು ಕಟ್ಟುವ ಮಾತೇ ಇರಲಿಲ್ಲ, ಒಂದು ವರ್ಷ ತಾನೇ ಎಂದು ಶಾಲೆ ಬಿಡಿಸಿದರು. ಹುಡುಗಿ ಮನೆಯಲ್ಲಿ ಕೂತರೆ ಮನಸ್ಸು ಕೆಡುತ್ತದೆ ಎಂದು ಸೊಸೆ ಮೊದಲು ಬೆಳಗಿನ ಹೊತ್ತು ಮಾತ್ರ ಲಾಂಡ್ರಿಗೆ ಜೊತೆಗೆ ಕರೆದುಕೊಂಡು ಹೋದಳು. ಆಮೇಲೆ ಮೇಲ್ವಿಚಾರಕಿಯೇ "ಇರ್ಲಿ, ಮಡಚೋಕೆ ಜನ ಬೇಕು" ಎಂದಳು. ಮಗಳು ಬೇಗ ಕಲಿತಳು. ಅದೇ ಅಮ್ಮನಿಗೆ ತಡೆಯಲಾಗದ ಸಂಕಟ. ಉದ್ದ ಹಿಡಿದು, ಅಗಲ ಹಿಡಿದು, ಅಂಚಿಗೆ ಅಂಚು ಕೂಡಿಸಿ ಚೋಟು ಚಾದರ ಮಡಚಿದರೆ ಇಸ್ತ್ರಿಯೇ ಬೇಡ ಅನ್ನುವಷ್ಟು ನೀಟು. ಉಳಿದ ಹೆಂಗಸರು "ಅಮ್ಮನಿಗಿಂತ ಮಗಳೇ ವಾಸಿ" ಎಂದು ಗೇಲಿ ಮಾಡುತ್ತಿದ್ದರು. ಅಮ್ಮನೂ ನಗುತ್ತಿದ್ದಳು, ನಗದೆ ಇನ್ನೇನು ಮಾಡುತ್ತಾಳೆ?

ಗಂಡ ಹೆಣಗಿದ. ಸತ್ತ ಮಣ್ಣು ಕೆರೆದು ಹೊರಗೆ ಹೊತ್ತ, ಹೊಸ ಮಣ್ಣು ಹರಡಿದ, ಬೀಜ ಎರಚಿದ, ಹಕ್ಕಿ ಓಡಿಸಿದ. ಮೈಯಲ್ಲಿ ಮಾಂಸ ಉಳಿಯಲಿಲ್ಲ. ತಿಂಗಳುಗಳು ಉರುಳಿದ ಮೇಲೆ ಅಲ್ಲಲ್ಲಿ ಹಸಿರು ಕಾಣಿಸಿತು, ಬರಬರುತ್ತ ಕೂಡಿಕೊಂಡಿತು. ಮಕ್ಕಳು ಮತ್ತೆ ಆಡಲಿಳಿದವು. ಆಗ ಹೆಡ್ ಮೇಡಂ ಕರೆದು ಹೇಳಿದರು, ಮುಂದಿನ ವರ್ಷದಿಂದ ಮೈದಾನದ ಕೆಲಸ ಒಂದು ಕಂಪನಿಗೆ ಗುತ್ತಿಗೆ. ಅವರ ಯಂತ್ರ ಅವರದು, ಜನ ಅವರದು. ತಿಂಗಳೊಳಗೆ ಕ್ವಾರ್ಟರ್ಸ್ ಬಿಡಬೇಕು. ಅಲ್ಲಿ ಯಂತ್ರ ನಿಲ್ಲಿಸುತ್ತಾರೆ.

ಗಂಡ ಮನೆಗೆ ಬಂದು ಇದನ್ನು ಹೇಳಿ ಕೂತ. ಸೊಸೆ ಬಯ್ಯಲೂ ಇಲ್ಲ, ಅಳಲೂ ಇಲ್ಲ. ತರಕಾರಿ ಹೆಚ್ಚುವ ಚಾಕು ಕೆಳಗಿಟ್ಟು ಯೋಚಿಸಿದಳು. ಸೂರಿಗಾಗಿ ಆಡಿದ ಸುಳ್ಳು ಅದು. ಈಗ ಸೂರೇ ಇಲ್ಲ ಅಂದಮೇಲೆ ಸುಳ್ಳು ಯಾಕಿರಬೇಕು? ಗಂಡನ ಕೆಲಸ ಪೂರ್ತಿ ಹೋಗುವ ಮೊದಲೇ ನಿಜ ಹೇಳಿದರೆ ಮಗಳ ಸೀಟಾದರೂ ವಾಪಸು ಬರಬಹುದು. ತಡವಾಯಿತು ನಿಜ, ಆದರೆ ಹದಿನಾರು ಏನು ಮುದುಕಿಯ ವಯಸ್ಸೇ? ಮಾರನೆಯ ದಿನ ಲಾಂಡ್ರಿಗೆ ಅರ್ಧ ದಿನ ರಜೆ ಹೇಳಿ, ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಆಫೀಸಿಗೆ ಹೋದಳು. ಚೋಟುವಿಗೆ ಮಾತ್ರ ಹೇಳಿದ್ದಳು.

"ಏನಮ್ಮ?" ಎಂದರು ಮೇಡಂ. "ಮನೆ ವಿಷಯ ಆದ್ರೆ ನನ್ ಕೈಲಿಲ್ಲ."

"ಮನೆ ವಿಷಯ ಅಲ್ಲ ಮೇಡಂ. ನನ್ ಮಗಳು ಅವತ್ತು ಸುಳ್ಳು ಹೇಳಿದ್ಲು. ಹೆಕ್ಟೇರಿಗೆ ಹತ್ತು ಸಾವಿರ ಅಂತ ಅವಳಿಗೆ ಗೊತ್ತಿತ್ತು. ಒಂದೇ ಲೀಟರ್ ಸಾಕು ಅಂತ ಮನೇಲಿ ಹೇಳಿದ್ಲು. ನಾನೇ ಸಾವಿರ ಅನ್ನು ಅಂತ ಹೇಳ್ಕೊಟ್ಟೆ. ತಪ್ಪು ನಂದು. ಅವಳನ್ನ ವಾಪಸ್ ಸೇರಿಸ್ಕೊಳ್ಳಿ."

ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮೇಡಂ ಆಶ್ಚರ್ಯ ಪಡುತ್ತಾರೆ, ಸಿಟ್ಟಾಗುತ್ತಾರೆ, ಬಯ್ಯುತ್ತಾರೆ ಎಂದು ಕಾದಳು. ಮೇಡಂ ಸುಮ್ಮನೆ ಕಿಟಕಿಯ ಕಡೆ ನೋಡಿದರು.

"ಗೊತ್ತಿತ್ತಮ್ಮ," ಎಂದರು.

"ಏನು ಗೊತ್ತಿತ್ತು ಮೇಡಂ?"

"ಮೇಷ್ಟ್ರು ಅವತ್ತೇ ಹೇಳಿದ್ರು. ಆ ಮಗೂಗೆ ಗೊತ್ತಿಲ್ದೇ ಇರೋಕೆ ಸಾಧ್ಯವೇ ಇಲ್ಲ ಅಂತ. ನಂಗೂ ಅವಳ ಮುಖ ನೋಡಿದ್ರೆ ತಿಳೀತು."

"ಮತ್ತೆ?"

"ಮತ್ತೆ ಏನು ಮಾಡೋದು? ಅಷ್ಟು ಜನರ ಮುಂದೆ ಅವಳೇ ಒಪ್ಕೊಂಡ್ಲು. ಮಂಡಳಿಯವರಿಗೂ ಒಂದು ಕಾರಣ ಬೇಕಿತ್ತು, ಸಿಕ್ತು. ಅವತ್ತು ಎಲ್ಲರಿಗೂ ಅದೇ ಸುಲಭ ಆಯ್ತು. ನಿಮಗೂ ಆಯ್ತಲ್ಲ?"

ಸೊಸೆ ಮೇಜಿನ ಅಂಚು ಹಿಡಿದುಕೊಂಡಳು. "ಸೀಟು ಮೇಡಂ?"

"ಅದನ್ನ ಆಗಲೇ ಬೇರೆ ಮಗೂಗೆ ಕೊಟ್ಟಾಯ್ತು. ಇನ್ಮೇಲೆ ನಿಮ್ಮೋರು ಇಲ್ಲಿ ನೌಕರರೂ ಅಲ್ವಲ್ಲಮ್ಮ." ಮೇಡಂ ದನಿಯಲ್ಲಿ ಮರುಕವೇ ಇತ್ತು, ಅದನ್ನು ಇಲ್ಲ ಎನ್ನುವ ಹಾಗಿಲ್ಲ. "ಒಳ್ಳೇ ಹುಡುಗಿ. ಮನೇಲೇ ಓದಿ ಪರೀಕ್ಷೆ ಕಟ್ಟಿಸಿ."

ಸೊಸೆ ಹೊರಗೆ ಬಂದಳು. ಕಾರಿಡಾರಿನಲ್ಲಿ ಲೆಕ್ಕದ ಮೇಷ್ಟ್ರು ಎದುರಾದರು. ಅವರು ಅವಳನ್ನು ಕಂಡು ನಿಂತರು, ಆಮೇಲೆ ಏನೋ ಮರೆತವರ ಹಾಗೆ ವಾಪಸು ತಿರುಗಿ ಹೋದರು. ಅವಳು ಕೂಗಿ ಕರೆಯಲಿಲ್ಲ. ಕರೆದು ಕೇಳುವುದೇನು? ಅವರೆಲ್ಲ ಅವತ್ತು ಮೇಜಿನ ಸುತ್ತ ಕೂತು, ಮಗು ಬೇಕೆಂದೇ ತನ್ನನ್ನು ತಾನು ದಡ್ಡಿ ಮಾಡಿಕೊಳ್ಳುವುದನ್ನು ನೋಡಿದ್ದರು. ನೋಡಿ, ಬಿಟ್ಟಿದ್ದರು. ಅವಳೂ ಬಾಗಿಲಲ್ಲಿ ನಿಂತು ನೋಡಿದ್ದಳಲ್ಲ.

ಲಾಂಡ್ರಿಗೆ ಬಂದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಚೋಟು ಒಬ್ಬಳೇ ದೊಡ್ಡ ಚಾದರವೊಂದರ ಜೊತೆ ಒದ್ದಾಡುತ್ತಿದ್ದಳು. ಅಮ್ಮನನ್ನು ಕಂಡದ್ದೇ ಕೆಲಸ ನಿಲ್ಲಿಸಿದಳು. ಅವಳ ಮುಂಗೈ ಆಗಲೇ ಕೆಂಪಗಾಗಿತ್ತು.

"ಏನಂದ್ರಮ್ಮ?"

ದಾರಿಯುದ್ದಕ್ಕೂ ಅಮ್ಮ ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದಿರಲಿಲ್ಲ. ಮಗಳ ಮುಖ ನೋಡಿದಾಗ ನಾಲಗೆಗೆ ಬಂದದ್ದು ಇಷ್ಟೇ.

"ನಂಬಲಿಲ್ಲ ಕಣೇ."

"ಒಂಚೂರೂ?"

"ಒಂಚೂರೂ ಇಲ್ಲ. ಈಗ ಬಂದು ಕಥೆ ಹೇಳ್ತೀಯ ಅಂದ್ರು."

ಚೋಟು ತುಟಿ ಕಚ್ಚಿ ಚಾದರದ ತುದಿ ಸರಿಮಾಡಿದಳು. ಆಮೇಲೆ ಅವಳ ಮುಖದಲ್ಲಿ, ಎಷ್ಟೋ ತಿಂಗಳ ಮೇಲೆ, ಪರೀಕ್ಷೆ ಚೆನ್ನಾಗಿ ಬರೆದು ಬಂದ ದಿನದಂಥ ಒಂದು ಕಳೆ ಕಾಣಿಸಿತು.

"ಅವತ್ತು ನಾನು ಥಟ್ ಅಂತ ಹೇಳ್ಲಿಲ್ಲಮ್ಮ," ಎಂದಳು. "ಸ್ವಲ್ಪ ತಡೆದು, ಬೆರಳು ಎಣಿಸಿ ಹೇಳ್ದೆ. ನಮ್ ಕ್ಲಾಸಲ್ಲಿ ಬರ್ದೇ ಇರೋರು ಹಾಗೇ ಮಾಡೋದು. ಮೇಷ್ಟ್ರಿಗೂ ಗೊತ್ತಾಗ್ಲಿಲ್ಲ ನೋಡು."

"ಇಲ್ಲ," ಎಂದಳು ಅಮ್ಮ. "ಯಾರಿಗೂ ಗೊತ್ತಾಗ್ಲಿಲ್ಲ. ಚೆನ್ನಾಗಿ ಹೇಳಿದೆ."

ಚಾದರದ ಎರಡು ತುದಿ ಮಗಳ ಕೈಲಿದ್ದವು. ಅಮ್ಮ ಬಗ್ಗಿ ಉಳಿದ ಎರಡನ್ನು ಹಿಡಿದುಕೊಂಡಳು.